ನಲವತ್ತೆಂಟು ಅಂಕಿ

ರಾತ್ರಿ ರೈಲಿನ ಕೆಳಗಿನ ಬರ್ತಿನಲ್ಲಿ ಮಲಗುವ ಮುನ್ನ ಸೂಟ್‌ಕೇಸನ್ನು ಸೀಟಿನಡಿಯ ಕೊಂಡಿಗೆ ಸರಪಳಿಯಿಂದ ಬಿಗಿದು ಬೀಗ ಹಾಕಿದ್ದೆ. ಅದರೊಳಗಿದ್ದದ್ದು ಎರಡು ಜೊತೆ ಬಟ್ಟೆ, ಒಂದು ಟವೆಲ್ಲು ಮತ್ತು ಸೋದರಮಾವನವರಿಗೆಂದು ಒಯ್ಯುತ್ತಿದ್ದ ಮೈಸೂರುಪಾಕು. ಲ್ಯಾಪ್‌ಟಾಪಿನ ಚೀಲವನ್ನು ತಲೆದಿಂಬಾಗಿ ಇಟ್ಟುಕೊಂಡಿದ್ದವನು, ಅರಸೀಕೆರೆ ದಾಟುವ ಹೊತ್ತಿಗೆ ಕುತ್ತಿಗೆ ನೋಯತೊಡಗಿದ್ದರಿಂದ ಅದನ್ನು ಕಾಲಿನ ಕಡೆಗೆ ಸರಿಸಿ ಮೇಲೆ ಹೊದಿಕೆ ಎಳೆದುಕೊಂಡೆ. ದಾವಣಗೆರೆಯಲ್ಲಿ ಚಹಾದವನ ಕೂಗಿಗೆ ಎಚ್ಚರವಾದಾಗ ಹೊದಿಕೆ ಇತ್ತು, ಚಪ್ಪಲಿ ಇತ್ತು, ಮೈಸೂರುಪಾಕು ಬೀಗದೊಳಗೆ ಭದ್ರವಾಗಿತ್ತು; ಚೀಲ ಇರಲಿಲ್ಲ.

ಅದು 2024ರ ಜುಲೈ ತಿಂಗಳ ಎರಡನೆಯ ವಾರ. ನಾನು ಮೈಸೂರಿನಲ್ಲಿ ತೆರಿಗೆ ಸಲಹೆಗಾರ. ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಲು ಜುಲೈ 31 ಕೊನೆಯ ದಿನವಾಗಿದ್ದು, ಬಿದ್ದು ಕಾಲು ಮುರಿದುಕೊಂಡಿದ್ದ ಮಾವನವರನ್ನು ನೋಡಿ ಬರಲು ಧಾರವಾಡಕ್ಕೆ ಎರಡೇ ದಿನದ ಮಟ್ಟಿಗೆ ಹೊರಟಿದ್ದರೂ ಕೆಲಸ ಬಿಟ್ಟು ಹೋಗುವಂತಿರಲಿಲ್ಲ. ಆ ಯಂತ್ರದಲ್ಲಿ ಅರವತ್ತೆರಡು ಕಕ್ಷಿದಾರರ ಪ್ಯಾನ್, ಆಧಾರ್ ಪ್ರತಿಗಳು, ಬ್ಯಾಂಕ್ ಸ್ಟೇಟ್‌ಮೆಂಟುಗಳು, ಸಂಬಳ ಕೊಟ್ಟವರು ನೀಡುವ ಫಾರ್ಮ್ 16ಗಳು ಇದ್ದವು. ಜೊತೆಗೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅವರೆಲ್ಲರ ತೆರಿಗೆ ಪೋರ್ಟಲ್ಲಿನ ಪಾಸ್‌ವರ್ಡುಗಳನ್ನು ಒಂದೇ ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟಿದ್ದೆ. ಕಡತದ ಹೆಸರು ಕೂಡ ‘ಪಾಸ್‌ವರ್ಡ್’ ಎಂದೇ ಇತ್ತು.

ಟಿಟಿಇ ದೂರಿನ ನಮೂನೆಯನ್ನು ತಂದುಕೊಟ್ಟರು, 139ಕ್ಕೂ ಕರೆ ಮಾಡಿದ್ದಾಯಿತು. ನಂತರ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನನ್ನು ನಿದ್ದೆಯಿಂದ ಎಬ್ಬಿಸಿದೆ. ಅವನು ಕೇಳಿದ ಮೊದಲ ಪ್ರಶ್ನೆ ಚೀಲದ ಬಗ್ಗೆ ಆಗಿರಲಿಲ್ಲ.

“ಮಾಮ, ಫೋನು ನಿಮ್ಮ ಹತ್ತಿರವೇ ಇದೆ ತಾನೆ?”

“ಇದೆಯಪ್ಪ, ಅಂಗಿಯ ಜೇಬಿನಲ್ಲಿತ್ತು.”

“ಹಾಗಾದರೆ ಅರ್ಧ ಬದುಕಿಕೊಂಡಿರಿ.”

ಹರಿಹರ ದಾಟಿ ರಾಣೆಬೆನ್ನೂರು ಬರುವಷ್ಟರಲ್ಲಿ, ಅವನು ಹೇಳಿಕೊಟ್ಟ ಕ್ರಮದಲ್ಲಿ ನಾನು ಮಾಡಿದ ಕೆಲಸಗಳು ಹೀಗಿದ್ದವು. ಮೊದಲು ಇಮೇಲಿನ ಪಾಸ್‌ವರ್ಡ್ ಬದಲಾಯಿಸಿದೆ. ಬೇರೆ ಯಾವ ಖಾತೆಯ ಪಾಸ್‌ವರ್ಡ್ ಮರೆತರೂ ಹೊಸದು ಇಮೇಲಿಗೇ ಬರುವುದರಿಂದ ಅದೇ ಮನೆಯ ಹೆಬ್ಬಾಗಿಲು ಎಂದು ಅವನ ವಾದ. ಗೂಗಲ್ ಖಾತೆಯಲ್ಲಿ ‘ನಿಮ್ಮ ಸಾಧನಗಳು’ ಎಂಬ ಪಟ್ಟಿಯಿಂದ ಲ್ಯಾಪ್‌ಟಾಪನ್ನು ಸೈನ್ ಔಟ್ ಮಾಡಿಸಿದೆ. ವಾಟ್ಸಾಪಿನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಅಲ್ಲಿಂದಲೂ ಹೊರಹಾಕಿದೆ. ಬ್ಯಾಂಕಿನದು ಆಮೇಲೆ. ನಾನಾಗಿದ್ದರೆ ಬ್ಯಾಂಕಿನಿಂದ ಶುರುಮಾಡಿ, ಕಚೇರಿ ತೆರೆಯುವ ಹತ್ತು ಗಂಟೆಯವರೆಗೆ ಕಾಯುತ್ತ ಕುಳಿತಿರುತ್ತಿದ್ದೆನೇನೋ.

ಆಮೇಲೆ ಅವನು ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ‘ಫೈಂಡ್ ಮೈ ಡಿವೈಸ್’ ಒತ್ತುವಂತೆ ಹೇಳಿದ. ಈ ಸೌಲಭ್ಯವನ್ನು ಯಂತ್ರ ಕೈಯಲ್ಲಿರುವಾಗಲೇ ಚಾಲೂ ಮಾಡಿಟ್ಟಿರಬೇಕು, ಕಳೆದುಹೋದ ಮೇಲೆ ಮಾಡಲು ಬರುವುದಿಲ್ಲ; ಅದನ್ನೂ ಅವನೇ ಎರಡು ವರ್ಷದ ಹಿಂದೆ ಮಾಡಿಟ್ಟಿದ್ದ. ನಕಾಶೆ ನಿಧಾನವಾಗಿ ತೆರೆದುಕೊಂಡಿತು. ಒಂದು ಚುಕ್ಕೆ ಕಾಣಿಸಿತು. ಎದೆ ಹೊಡೆದುಕೊಳ್ಳತೊಡಗಿ, ಬೆರಳಿನಿಂದ ಹಿಗ್ಗಿಸಿ ನೋಡಿದರೆ ಅದು ಸರಸ್ವತಿಪುರಂನ ನಮ್ಮ ಮನೆ. ಸಮಯ ಹಿಂದಿನ ರಾತ್ರಿ 8:40. ಅಂತರ್ಜಾಲಕ್ಕೆ ಸೇರಿದಾಗ ಮಾತ್ರ ತಾನೆಲ್ಲಿದ್ದೇನೆಂದು ಹೇಳಬಲ್ಲ ಯಂತ್ರ ಕೊನೆಯ ಬಾರಿ ವೈಫೈ ಕಂಡದ್ದು ನಮ್ಮ ಊಟದ ಮೇಜಿನ ಮೇಲೆ. ‘ಲಾಕ್’ ಎಂಬ ಗುಂಡಿಯನ್ನೂ ಒತ್ತಿದೆ. ಆ ಆಜ್ಞೆಯೂ ಅದು ಮತ್ತೆ ಅಂತರ್ಜಾಲಕ್ಕೆ ಬರುವವರೆಗೆ ಕಾಯಬೇಕಿತ್ತು.

“ಹುಡುಕುವ ಕೆಲಸ ಅಷ್ಟೇ ಮಾಮ, ಮುಗಿಯಿತು,” ಎಂದ. “ಒಳಗಿರುವುದನ್ನು ಕಾಪಾಡುವುದು ಬೇರೆ ಕೆಲಸ. ಪಿನ್ ಏನಿಟ್ಟಿದ್ದಿರಿ?”

“ಸ್ಕೂಟರಿನ ನಂಬರು.”

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸ್ಕೂಟರಿನ ಆರ್‌ಸಿಯ ಜೆರಾಕ್ಸು ಅದೇ ಚೀಲದ ಹೊರಜೇಬಿನಲ್ಲಿತ್ತೆಂಬ ಸಂಗತಿಯನ್ನು ನಾನು ಅವನಿಗೆ ಆಗ ಹೇಳಲಿಲ್ಲ, ಈಗಲೂ ಹೇಳಿಲ್ಲ.

ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಿದ್ದಾಗ ಅವನು ಆ ಹೊಸ ಯಂತ್ರದ ಡಿಸ್ಕನ್ನು ಬಿಟ್‌ಲಾಕರ್ ಮೂಲಕ ಎನ್‌ಕ್ರಿಪ್ಟ್ ಮಾಡಿದ್ದ. ಲಾಗಿನ್ ಪಾಸ್‌ವರ್ಡ್ ಎಂಬುದು ಬಾಗಿಲಿನ ಚಿಲಕ ಮಾತ್ರ, ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಎಲ್ಲವನ್ನೂ ಓದಬಹುದು, ಎನ್‌ಕ್ರಿಪ್ಟ್ ಮಾಡಿದ್ದರೆ ಹಾಗೆ ಸಿಕ್ಕಿಸಿದವನಿಗೆ ಕಾಣುವುದು ಅರ್ಥವಿಲ್ಲದ ಅಕ್ಷರರಾಶಿ ಎಂದು ವಿವರಿಸಿದ್ದ. ಯಂತ್ರ ನಿಧಾನವಾಗುತ್ತದೆಂದು ನಾನು ಗೊಣಗಿದ್ದೆ. ಅಂದು ಅದು ಕೊಟ್ಟ 48 ಅಂಕಿಗಳ ರಿಕವರಿ ಕೀ ಖಾತೆಯಲ್ಲಿ ಉಳಿಯುತ್ತದಾದರೂ ಕಾಗದದಲ್ಲೂ ಇರಲೆಂದು, ನನ್ನನ್ನು ನಂಬದೆ ನನ್ನ ಹೆಂಡತಿಯಿಂದ ಬರೆಸಿದ್ದ. ಅವಳು ಅದನ್ನು ದೂರವಾಣಿ ಡೈರಿಯಲ್ಲಿ ಗ್ಯಾಸ್ ಏಜೆನ್ಸಿಯ ನಂಬರಿನ ಕೆಳಗೆ, ಆರಾರು ಅಂಕಿಗಳ ಎಂಟು ಗುಂಪುಗಳಾಗಿ ಬರೆದಿಟ್ಟಿದ್ದಳು.

ಹುಬ್ಬಳ್ಳಿಯಲ್ಲಿಳಿದು ರೈಲ್ವೆ ಪೊಲೀಸ್ ಠಾಣೆಗೆ ಹೋದೆ. ಕಳೆದ ವಸ್ತುಗಳಿಗೆ ಆನ್‌ಲೈನಿನಲ್ಲೇ ಇ-ಲಾಸ್ಟ್ ದಾಖಲಿಸಿದರೆ ಸಾಕೆಂದು ಸಹಪ್ರಯಾಣಿಕರೊಬ್ಬರು ಹೇಳಿದ್ದರು. ಅದು ಮರೆತು ಕಳೆದುಕೊಂಡದ್ದಕ್ಕೆ, ಕಳುವಿಗೆ ಎಫ್‌ಐಆರ್ ಆಗಲೇಬೇಕು ಎಂದು ಬರಹಗಾರ ಪೇದೆ ತಿದ್ದಿದರು. ಹಳೆಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಮತ್ತಿತರ ಹೊಸ ಕಾನೂನುಗಳು ಜಾರಿಗೆ ಬಂದು ಇನ್ನೂ ಎರಡು ವಾರವಾಗಿರಲಿಲ್ಲ. ಮೇಜಿನ ಗಾಜಿನಡಿ ಹಳೆಯ ಕಲಮು ಒಂದು ಕಡೆ, ಹೊಸದು ಇನ್ನೊಂದು ಕಡೆ ಇರುವ ಪಟ್ಟಿಯಿತ್ತು. ಅವರು 379ರ ಮೇಲೆ ಬೆರಳಿಟ್ಟು, ಎದುರಿನ 303 ನೋಡಿ, ಪುಸ್ತಕ ತಿರುವಿ, ವಾಹನದೊಳಗಿಂದ ಆದ ಕಳುವಾದ್ದರಿಂದ 305 ಎಂದು ಬರೆದುಕೊಂಡರು. ಬಳಿಕ ಕೇಳಿದರು: “ಸೀರಿಯಲ್ ನಂಬರ್ ಐತೇನ್ರಿ?”

ಇರಲಿಲ್ಲ. ಅದು ಯಂತ್ರದ ಹೊಟ್ಟೆಯ ಮೇಲಿನ ಚೀಟಿಯಲ್ಲಿತ್ತು, ಯಂತ್ರವೇ ಇಲ್ಲ. ಡಬ್ಬಿ ಗುಜರಿಗೆ ಹೋಗಿತ್ತು. ಮೊಬೈಲಿನ ಹಾಗೆ ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿಸಬಹುದಲ್ಲ ಎಂದೆ. ಅದು ಐಎಂಇಐ ಎಂಬ ಮೊಬೈಲಿನ ಗುರುತಿನ ಸಂಖ್ಯೆಯ ಮೇಲೆ ನಡೆಯುವ ವ್ಯವಸ್ಥೆ, ಸಿಮ್ ಹಾಕದ ಲ್ಯಾಪ್‌ಟಾಪಿಗೆ ಆ ಸಂಖ್ಯೆಯೇ ಇರುವುದಿಲ್ಲ ಎಂದರು. “ಕರಿ ಬಣ್ಣದ ಲ್ಯಾಪ್‌ಟಾಪ್ ಅಂತ ಬರದ್ರ ಏನ್ ಉಪಯೋಗಿಲ್ರಿ, ಸ್ಟೋರ್ ರೂಮ್ ತುಂಬ ಕರಿ ಬಣ್ಣದ್ದ ಅದಾವ.” ಮೈಸೂರಿನ ಅಂಗಡಿಯವರಿಗೆ ಫೋನಾಯಿಸಿದೆ. ಅವರು ಹಳೆಯ ಜಿಎಸ್‌ಟಿ ಬಿಲ್ಲನ್ನು ಹುಡುಕಿ ವಾಟ್ಸಾಪಿನಲ್ಲಿ ಕಳಿಸಿದರು. ಮಾಲಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸೀರಿಯಲ್ ಸಂಖ್ಯೆಯಿತ್ತು. ದಿನವೂ ಇನ್ನೊಬ್ಬರ ಬಿಲ್ಲುಗಳನ್ನು ಕೇಳಿ ಪೀಡಿಸುವವನ ಬಳಿ ತನ್ನದೇ ಬಿಲ್ಲು ಇರಲಿಲ್ಲ. ಎಫ್‌ಐಆರ್‌ನ ಪ್ರತಿಯನ್ನು ದುಡ್ಡಿಲ್ಲದೆ ಕೈಗೆ ಕೊಟ್ಟರು.

ಮಾವನವರ ಮನೆಯಲ್ಲಿ ಆ ಎರಡು ದಿನ ನಾನು ಮಾಡಿದ್ದು ಫೋನು ಮಾತ್ರ. ಅರವತ್ತೆರಡು ಜನರಿಗೂ ಒಬ್ಬೊಬ್ಬರಾಗಿ ಕರೆ ಮಾಡಿ, ನಿಮ್ಮ ಕಾಗದಪತ್ರಗಳಿದ್ದ ಯಂತ್ರ ಕಳುವಾಗಿದೆ, ಪೋರ್ಟಲ್ಲಿನ ಪಾಸ್‌ವರ್ಡ್ ಈಗಲೇ ಬದಲಾಯಿಸಿ ಎಂದು ಹೇಳಬೇಕಿತ್ತು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಹೇಳುವ ಅಗತ್ಯವೇನೂ ಇಲ್ಲ ಎಂದು ವೃತ್ತಿಯ ಗೆಳೆಯರೊಬ್ಬರು ಸಲಹೆ ಕೊಟ್ಟರು. ಸ್ಕೂಟರಿನ ನಂಬರು ನನ್ನನ್ನು ಹಾಗೆ ಸುಮ್ಮನಿರಲು ಬಿಡಲಿಲ್ಲ. ಹೆಚ್ಚಿನವರು “ಛೆ, ಪಾಪ” ಎಂದು ನನ್ನನ್ನೇ ಸಮಾಧಾನಪಡಿಸಿದರು. ಒಬ್ಬ ನಿವೃತ್ತ ಉಪಾಧ್ಯಾಯರು ಪಾಸ್‌ವರ್ಡ್ ಎಂದರೇನೆಂದು ಕೇಳಿದರು. ಅದನ್ನು ಇಟ್ಟದ್ದು ನಾನೇ, ಅವರಿಗೆ ಅದಿತ್ತೆಂಬುದೇ ಗೊತ್ತಿರಲಿಲ್ಲ. ಇಬ್ಬರು ಬೇರೆ ಸಲಹೆಗಾರರ ಬಳಿ ಹೋದರು. ಹೋದದ್ದು ಸರಿ ಎಂದೇ ನನ್ನ ಭಾವನೆ.

ಚೀಲದಲ್ಲಿ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಎರಡು ಟೋಕನ್‌ಗಳೂ ಇದ್ದವು. ಒಂದು ನನ್ನದು, ಇನ್ನೊಂದು ಒಂದು ಸಣ್ಣ ಕಂಪನಿಯ ನಿರ್ದೇಶಕರದು. ಡಿಜಿಟಲ್ ಸಹಿಯ ಟೋಕನ್ನನ್ನು ಸಲಹೆಗಾರನ ಕೈಗೆ ಕೊಟ್ಟಿಡುವುದು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟ ಹಾಗೆ. ಕೊಡಬಾರದು, ಇಟ್ಟುಕೊಳ್ಳಲೂಬಾರದು, ಆದರೂ ನಮ್ಮ ಎಷ್ಟೋ ಕಚೇರಿಗಳ ಡ್ರಾಯರುಗಳಲ್ಲಿ ಹೆಸರಿನ ಚೀಟಿ ಅಂಟಿಸಿದ ಟೋಕನ್ನುಗಳು ಸಾಲಾಗಿ ಮಲಗಿರುತ್ತವೆ. ಎರಡನ್ನೂ ರದ್ದು ಮಾಡಿಸಿ ಹೊಸದಕ್ಕೆ ಅರ್ಜಿ ಹಾಕಿದ್ದಾಯಿತು.

ನಿಜವಾದ ನಷ್ಟ ಬ್ಯಾಕಪ್ಪಿನಲ್ಲಿತ್ತು. ಒನ್‌ಡ್ರೈವಿಗೆ ಎಲ್ಲವೂ ತಾನಾಗಿ ಹೋಗುತ್ತಿದೆಯೆಂದು ನಂಬಿದ್ದೆ. ಉಚಿತವಾಗಿ ಸಿಗುವ 5 ಜಿಬಿ ಜಾಗ ಮಾರ್ಚಿನಲ್ಲೇ ಮೊಮ್ಮಗಳ ನಾಮಕರಣದ ಚಿತ್ರಗಳಿಂದ ತುಂಬಿ, ಅಲ್ಲಿಂದಾಚೆಗೆ ಒಂದು ಕಡತವೂ ಹೋಗಿರಲಿಲ್ಲ. ಮೂಲೆಯಲ್ಲಿ ಬರುತ್ತಿದ್ದ ಎಚ್ಚರಿಕೆಯನ್ನು ದಿನವೂ ಗುಣಿಸು ಚಿಹ್ನೆ ಒತ್ತಿ ಮುಚ್ಚುತ್ತಿದ್ದೆ. ಆ ವರ್ಷದ ಕೆಲಸವನ್ನೆಲ್ಲ ಬಾಡಿಗೆ ಯಂತ್ರದಲ್ಲಿ, ಎಐಎಸ್ ಮತ್ತು 26ಎಎಸ್ ಎಂಬ ಆದಾಯ-ತೆರಿಗೆ ವಿವರಪಟ್ಟಿಗಳನ್ನು ಪೋರ್ಟಲ್ಲಿನಿಂದ ಮತ್ತೆ ಇಳಿಸಿಕೊಂಡು, ಫಾರ್ಮ್ 16ಗಳನ್ನು ಮತ್ತೆ ಬೇಡಿ ತರಿಸಿಕೊಂಡು, ಜುಲೈ 31ರ ರಾತ್ರಿಯವರೆಗೆ ಮಾಡಿದೆ. ಆ ವರ್ಷ ಗಡುವನ್ನು ವಿಸ್ತರಿಸಲಿಲ್ಲ.

ಆರನೆಯ ದಿನ ಚುಕ್ಕೆ ಕದಲಿತು. ಯಾರೋ ಲಾಗಿನ್ ಪರದೆಯಿಂದಲೇ ವೈಫೈ ಸಿಕ್ಕಿಸಿದ್ದಿರಬೇಕು. ಬೇರೊಂದು ಜಿಲ್ಲೆಯ ಪೇಟೆಯೊಂದರಲ್ಲಿ, ನೂರಾರು ಅಂಗಡಿಗಳನ್ನು ಒಳಗೊಂಡ ಒಂದು ನೀಲಿ ವೃತ್ತ. ನಾನು ಬಸ್ಸಿನ ವೇಳೆ ನೋಡತೊಡಗಿದೆ. ಠಾಣೆಗೆ ತಿಳಿಸಿದಾಗ, ನೀವಾಗಿ ಅಲ್ಲಿಗೆ ಹೋಗಬೇಡಿ, ಚಿತ್ರ ಕಳಿಸಿ ಎಂದರು. ಹೆಂಡತಿ ಇನ್ನೂ ಚಿಕ್ಕದಾಗಿ ಹೇಳಿದಳು: “ಹೋಗಿ ಯಾರನ್ನು ಕೇಳುತ್ತೀರಿ?” ಅರ್ಧ ಗಂಟೆಯಲ್ಲಿ ಚುಕ್ಕೆಯ ಸಮಯ ನಿಂತುಹೋಯಿತು, ಮತ್ತೆ ಚಲಿಸಲಿಲ್ಲ. ಇನ್ನು ಕೆಲವು ತಿಂಗಳಿಗೆ ಪತ್ತೆಯಾಗಲಿಲ್ಲವೆಂದು ‘ಸಿ’ ರಿಪೋರ್ಟ್ ಬರುತ್ತದೆಂದುಕೊಂಡೆ.

ನವೆಂಬರಿನಲ್ಲಿ ಠಾಣೆಯಿಂದ ಕರೆ ಬಂತು. ಬೇರೊಂದು ಪ್ರಕರಣದಲ್ಲಿ ಸಿಕ್ಕವನ ಕೋಣೆಯಲ್ಲಿ ಏಳು ಲ್ಯಾಪ್‌ಟಾಪ್‌ಗಳಿದ್ದು, ಒಂದರ ಹೊಟ್ಟೆಯ ಮೇಲಿನ ಸಂಖ್ಯೆ ನನ್ನ ಎಫ್‌ಐಆರ್‌ನಲ್ಲಿದ್ದದ್ದಕ್ಕೆ ಹೊಂದಿತ್ತು. ಚುಕ್ಕೆಯಿಂದ ಆದದ್ದೇನೂ ಇರಲಿಲ್ಲ. ಅದು ಈಗ ಮುದ್ದೆಮಾಲು, ಎಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತು. ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಬಿಲ್ಲು ತೋರಿಸಿ, ಬಾಂಡ್ ಬರೆದುಕೊಟ್ಟು, ಕರೆದಾಗ ಹಾಜರುಪಡಿಸುತ್ತೇನೆಂದು ಒಪ್ಪಿಕೊಂಡ ಮೇಲೆ ಕೈಗೆ ಬಂತು. ಮುಚ್ಚಳಕ್ಕೆ ದಾರದಿಂದ ಕಟ್ಟಿದ ರಟ್ಟಿನ ಚೀಟಿ, ಅರಗಿನ ಕಲೆ.

ಮನೆಗೆ ತಂದು ಗುಂಡಿ ಒತ್ತಿದರೆ ನೀಲಿ ಪರದೆ ಬಂದು ರಿಕವರಿ ಕೀ ಕೇಳಿತು. ಪೆನ್‌ಡ್ರೈವ್ ಸಿಕ್ಕಿಸಿ ತೆರೆಯಲು ಯಾರೋ ಒಳಗಿನ ಸೆಟ್ಟಿಂಗ್ ಬದಲಿಸಿರಬೇಕು, ಅದಕ್ಕೇ ಬೀಗ ಬಿಗಿದುಕೊಂಡಿದೆ ಎಂದು ಅಕ್ಕನ ಮಗ ಫೋನಿನಲ್ಲಿ ಹೇಳಿದ. ಹೆಂಡತಿ ಡೈರಿ ತಂದು ಆರಾರು ಅಂಕಿಗಳಾಗಿ ಓದಿದಳು, ನಾನು ಒತ್ತಿದೆ. ಐದನೆಯ ಗುಂಪಿನಲ್ಲಿ ಅದು ತಕರಾರು ತೆಗೆಯಿತು. ಅವಳ ಬರವಣಿಗೆಯ ಒಂದನ್ನು ನಾನು ಏಳೆಂದು ಒತ್ತಿದ್ದೆ. ಎಂಟೂ ಗುಂಪು ತುಂಬಿದ ಮೇಲೆ ಫ್ಯಾನು ತಿರುಗಿ, ಪರದೆಯ ಮೇಲೆ ಮೊಮ್ಮಗಳು ಕಂಡಳು.

ಕೀಯನ್ನು ಒಮ್ಮೆ ಬಳಸಿದ ಮೇಲೆ ಬದಲಾಯಿಸುವುದು ಒಳ್ಳೆಯದೆಂದು ಅವನು ಹೊಸದನ್ನು ಮಾಡಿಸಿದ. ಅದರ ಪ್ರತಿ ಆರಂಕಿಯೂ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ತಪ್ಪು ಗುಂಪನ್ನು ಯಂತ್ರ ಅಲ್ಲಲ್ಲೇ ಹಿಡಿಯುವುದು ಹಾಗೆ ಎಂದೂ ತಿಳಿಸಿದ. ಹೆಂಡತಿ ಹಳೆಯ ಸಾಲನ್ನು ಹೊಡೆದುಹಾಕಿ ಅದರ ಕೆಳಗೆ ಹೊಸ ಅಂಕಿಗಳನ್ನು ಬರೆಯುತ್ತಿದ್ದಂತೆ ನಾನು ಪಕ್ಕದಲ್ಲಿ ಕ್ಯಾಲ್ಕುಲೇಟರ್ ಹಿಡಿದು ಒಂದೊಂದನ್ನೇ ಭಾಗಿಸಿದೆ. ಎಂಟೂ ಸರಿಯಾಗಿ ಬಂದವು.