ವೇಬ್ರಿಡ್ಜ್ ನಮ್ಮ ಪಟ್ಟಿಯಲ್ಲಿ ಇರಲಿಲ್ಲ: ಕ್ಲೌಡ್‌ಗೆ ಹೊರಡುವ ಮುನ್ನ ಕಳೆದ ಐದು ತಿಂಗಳು

ತುಮಕೂರು ರಸ್ತೆಯ ಪಕ್ಕದಲ್ಲಿರುವ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ನಾನು ಸಿಸ್ಟಮ್ ಅಡ್ಮಿನ್. ನಮ್ಮ ಸರ್ವರ್ ಕೋಣೆಯಲ್ಲಿ ಮೂರು ವಿಎಂವೇರ್ ಹೋಸ್ಟ್‌ಗಳ, ಅಂದರೆ ಭೌತಿಕ ಸರ್ವರ್‌ಗಳ, ಮೇಲೆ ತಂತ್ರಾಂಶದಿಂದ ರೂಪಿಸಿದ 43 ವರ್ಚುವಲ್ ಮಷೀನ್‌ಗಳು ಓಡುತ್ತಿದ್ದವು. ಆ ಹೋಸ್ಟ್‌ಗಳನ್ನು ನಡೆಸುವ ವಿಎಂವೇರ್ ತಂತ್ರಾಂಶ ಇಎಸ್‌ಎಕ್ಸ್‌ಐ 7.0 ಆವೃತ್ತಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಕೊನೆಗೊಳ್ಳುವುದರಲ್ಲಿತ್ತು. ಐದು ಮಷೀನ್‌ಗಳಲ್ಲಿದ್ದ ವಿಂಡೋಸ್ ಸರ್ವರ್ 2012 ಆರ್2ರ ಬೆಂಬಲವಂತೂ 2023ರ ಅಕ್ಟೋಬರ್ 10ಕ್ಕೇ ಮುಗಿದುಹೋಗಿತ್ತು. ಆ ಹಳೆಯ ವಿಂಡೋಸ್ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನೊಳಗೆ ಓಡುವುದಾದರೆ ಮೂರು ವರ್ಷಗಳವರೆಗೆ ಭದ್ರತಾ ಅಪ್‌ಡೇಟ್‌ಗಳಿಗೆ ಹೆಚ್ಚುವರಿ ಶುಲ್ಕವಿಲ್ಲ ಎಂಬ ಒಂದೇ ಮಾತಿಗೆ ಹಣಕಾಸು ವಿಭಾಗ ಒಪ್ಪಿತು. ಪುಣೆಯ ಅಜೂರ್ ರೀಜನ್‌ಗೆ (ಡೇಟಾ ಕೇಂದ್ರಗಳ ಗುಂಪಿಗೆ) ಹೋಗುವುದೆಂದು ತೀರ್ಮಾನವಾದ ದಿನ, ಸಿದ್ಧತೆಗೆ ಆರು ವಾರ ಸಾಕು ಎಂದು ನಾನೇ ಬರೆದುಕೊಟ್ಟೆ. ಹಿಡಿದದ್ದು ಐದು ತಿಂಗಳು. ಆ ಅವಧಿಯಲ್ಲಿ ಮಷೀನ್‌ಗಳ ಮೇಲೆ ಮಾಡಿದ ಕೆಲಸ ಕಡಿಮೆ. ಅವುಗಳನ್ನು ನೆಚ್ಚಿಕೊಂಡವರು ಯಾರು ಎಂದು ಹುಡುಕುವುದರಲ್ಲೇ ಹೆಚ್ಚಿನ ದಿನಗಳು ಹೋದವು.

ವಿಎಂವೇರ್‌ನ ನಿರ್ವಹಣಾ ತಂತ್ರಾಂಶ ವಿಸೆಂಟರ್‌ನಿಂದ ಮಷೀನ್‌ಗಳ ಪಟ್ಟಿ ತೆಗೆಯುವುದು ಹತ್ತು ನಿಮಿಷದ ಕೆಲಸ. ಹೆಸರು, ಕೋರ್, ಮೆಮೊರಿ, ಡಿಸ್ಕ್ ಎಲ್ಲವೂ ಅದರಲ್ಲಿ ಬರುತ್ತವೆ. ಈ ಮಷೀನ್ ನಿಂತರೆ ಯಾರ ಕೆಲಸ ನಿಲ್ಲುತ್ತದೆ ಎಂಬುದು ಮಾತ್ರ ಬರುವುದಿಲ್ಲ. ಆದ್ದರಿಂದ ಎಕ್ಸೆಲ್ ಹಾಳೆಯಲ್ಲಿ ನಾವೇ ಕೆಲವು ಕಾಲಮ್‌ಗಳನ್ನು ಸೇರಿಸಿದೆವು: ಒಡೆಯರು ಯಾರು, ಯಾವ ದಿನ ನಿಲ್ಲಿಸಬಾರದು, ಪಾಸ್‌ವರ್ಡ್ ಯಾರ ಬಳಿ ಇದೆ, ಲೈಸೆನ್ಸ್ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸಕ್ಕೆ ಕಟ್ಟಿಹಾಕಿದ್ದೇ. ಕೇಳುತ್ತಾ ಹೋದಂತೆ ಆ ಹಾಳೆ ಹನುಮಂತನ ಬಾಲದಂತೆ ಬೆಳೆಯಿತು. ಏಳು ಮಷೀನ್‌ಗಳಿಗೆ ಮಾತ್ರ ಒಡೆಯರೇ ಸಿಗಲಿಲ್ಲ. ಸ್ಥಳಾಂತರಕ್ಕೆ ಮುನ್ನ ಮಷೀನ್‌ಗಳನ್ನು ಸಮೀಕ್ಷೆ ಮಾಡುವ ಉಪಕರಣ ಅಜೂರ್ ಮೈಗ್ರೇಟ್ ಒಂದು ವಾರ ನೋಡಿ ಬಿಡಿಸಿಕೊಟ್ಟ ಸಂಪರ್ಕಗಳ ನಕ್ಷೆಯಲ್ಲಿಯೂ ಅವುಗಳ ಕಡೆಗೆ ಬರುವ ಗೆರೆ ಒಂದೂ ಇರಲಿಲ್ಲ.

ಅವುಗಳನ್ನು ಆಫ್ ಮಾಡಿಬಿಡೋಣ ಎಂದು ನನ್ನ ಕಿರಿಯ ಸಹೋದ್ಯೋಗಿ ಹೇಳಿದಾಗ ನಾನು ಬೇಡವೆಂದೆ. ವರ್ಷಗಟ್ಟಲೆ ಆರದೆ ಓಡಿದ ಮಷೀನ್‌ನಲ್ಲಿ ಯಾರೋ ಕೈಯಾರೆ ಶುರು ಮಾಡಿದ ಪ್ರೋಗ್ರಾಂ ಇರಬಹುದು. ಒಮ್ಮೆ ಆಫ್ ಮಾಡಿದರೆ ಅದನ್ನು ಮತ್ತೆ ಎಬ್ಬಿಸುವುದು ಹೇಗೆಂದು ಬಲ್ಲವರು ಇರುವುದಿಲ್ಲ. ಅದರ ಬದಲು ನೆಟ್‌ವರ್ಕ್ ಕಾರ್ಡಿನ ಸಂಪರ್ಕವನ್ನಷ್ಟೇ ಕಳಚಿ ಎರಡು ವಾರ ಕಾಯುವುದೆಂದು ಗೊತ್ತುಮಾಡಿದೆವು. ಸೋಮವಾರ ಸಂಜೆ ಕಳಚಿದೆವು. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನಿಂದ ಫೋನ್ ಬಂತು: "ಸಾರ್, ತೂಕ ಸೇವ್ ಆಗ್ತಿಲ್ಲ. ನಾಲ್ಕು ಲಾರಿ ನಿಂತಿವೆ."

ಗೇಟಿನ ಬಳಿ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ನ ಕೋಣೆಗೆ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ತೂಕ ತೋರಿಸುವ ಕೆಂಪು ಅಂಕಿಗಳ ಪೆಟ್ಟಿಗೆಯಿಂದ ಒಂದು ಸೀರಿಯಲ್ ಕೇಬಲ್ ಹಳೆಯ ಕಂಪ್ಯೂಟರಿಗೆ ಹೋಗಿತ್ತು. ಅದು ಕಳಚದಿರಲೆಂದು ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದರು. ಲಾರಿ ಬಂದು ನಿಂತಾಗ ಒಂದು ಚಿಕ್ಕ ಪ್ರೋಗ್ರಾಂ ತೂಕವನ್ನು ಓದಿ, ಆ ಏಳರಲ್ಲಿ ನಾವು ಸತ್ತಿದೆಯೆಂದು ಭಾವಿಸಿದ್ದ ಒಂದು ಮಷೀನ್‌ನ ಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಬರೆಯುತ್ತಿತ್ತು. ಸರ್ವರ್‌ನ ಐಪಿ ವಿಳಾಸವು ಸೆಟ್ಟಿಂಗ್‌ಗಳನ್ನಿಡುವ ಒಂದು ಐಎನ್ಐ ಫೈಲಿನಲ್ಲಿ ಅಂಕಿಗಳಲ್ಲೇ ಕೂತಿತ್ತು. "ಇದನ್ನ ಮುಟ್ಟಬೇಡಿ ಸಾರ್, ಹಾಕಿಕೊಟ್ಟವರು ಈಗ ಇಲ್ಲ" ಎಂದು ಅಲ್ಲಿನ ಆಪರೇಟರ್ ಹೇಳಿದರು. ಅಷ್ಟರಲ್ಲಿ ಅವರು ಆ ನಾಲ್ಕು ಲಾರಿಗಳ ನಂಬರ್ ಮತ್ತು ತೂಕಗಳನ್ನು ಉದ್ದನೆಯ ರಿಜಿಸ್ಟರಿನಲ್ಲಿ ನೀಟಾಗಿ ಬರೆದಿಟ್ಟಿದ್ದರು. ನಮ್ಮಲ್ಲಿದ್ದ ಒಂದೇ ಬದಲಿ ವ್ಯವಸ್ಥೆ ಅದಾಗಿತ್ತು.

ನಕ್ಷೆಯಲ್ಲಿ ಇದು ಏಕೆ ಕಾಣಲಿಲ್ಲ? ಮಷೀನ್‌ಗಳಲ್ಲಿ ಏಜೆಂಟ್ ಎಂಬ ಪ್ರೋಗ್ರಾಂ ಹಾಕದೆ ಅಜೂರ್ ಮೈಗ್ರೇಟ್ ನಡೆಸುವ ಆ ಸಮೀಕ್ಷೆ ಐದು ನಿಮಿಷಕ್ಕೊಮ್ಮೆ ಮಷೀನ್‌ನೊಳಗೆ ಇಣುಕಿ, ಆ ಕ್ಷಣದಲ್ಲಿ ತೆರೆದಿರುವ ಸಂಪರ್ಕಗಳನ್ನು ಬರೆದುಕೊಳ್ಳುತ್ತದೆ. ನಮ್ಮ ವೇಬ್ರಿಡ್ಜ್ ಪ್ರೋಗ್ರಾಂ ಸಂಪರ್ಕ ತೆರೆದು, ಬರೆದು, ಅರ್ಧ ಸೆಕೆಂಡಿನಲ್ಲಿ ಮುಚ್ಚಿಬಿಡುತ್ತಿತ್ತು. ದಿನಕ್ಕೆ ಸುಮಾರು 15 ಲಾರಿಗಳು, ಒಳಬರುವಾಗ ಒಂದು ತೂಕ, ಹೊರಹೋಗುವಾಗ ಒಂದು ತೂಕ ಎಂದರೆ, 86,400 ಸೆಕೆಂಡುಗಳ ಒಂದು ದಿನದಲ್ಲಿ ಆ ಬಾಗಿಲು ತೆರೆದಿರುತ್ತಿದ್ದದ್ದು ಒಟ್ಟು 15 ಸೆಕೆಂಡು ಮಾತ್ರ. ಉಪಕರಣವನ್ನು ದೂರುವಂತಿಲ್ಲ, ಗೆರೆ ಇಲ್ಲವೆಂದರೆ ಸಂಬಂಧವೇ ಇಲ್ಲವೆಂದು ಓದಿಕೊಂಡವನು ನಾನು.

ಅಳತೆಯ ವಿಷಯದಲ್ಲಿಯೂ ಇದೇ ಬಗೆಯ ತಪ್ಪು ಆಗುವುದರಲ್ಲಿತ್ತು. ಮಷೀನ್‌ಗಳ ನಿಜವಾದ ಬಳಕೆಯನ್ನು ಒಂದು ತಿಂಗಳು ಅಳೆದು, 95ನೆಯ ಪರ್ಸೆಂಟೈಲ್ (ಅತಿ ಹೆಚ್ಚಿನ ಶೇ. 5 ಅಳತೆಗಳನ್ನು ಬಿಟ್ಟರೆ ಉಳಿಯುವ ಗರಿಷ್ಠ) ಆಧಾರದ ಮೇಲೆ ಅಜೂರ್‌ನಲ್ಲಿ ಎಷ್ಟು ದೊಡ್ಡ ಮಷೀನ್ ಬೇಕೆಂದು ಅಜೂರ್ ಮೈಗ್ರೇಟ್‌ನ ವರದಿ ಹೇಳುತ್ತದೆ. ಉತ್ಪಾದನಾ ವೆಚ್ಚ ಲೆಕ್ಕ ಹಾಕುವ ನಮ್ಮ 8 ಕೋರ್‌ಗಳ ಮಷೀನ್‌ಗೆ ಅದು 2 ಕೋರ್ ಸಾಕೆಂದಿತು. ಬಿಲ್ಲಿನಲ್ಲಿ ಉಳಿತಾಯ ಕಂಡು ಖುಷಿಯಾಗಿದ್ದ ನನಗೆ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು, "ತಿಂಗಳ ಕೊನೆ ದಿನ ಒಂದು ಸಲ ಬಂದು ನೋಡಿಪ್ಪ" ಎಂದರು. ಹೋಗಿ ನೋಡಿದೆ, ಎಂಟೂ ಕೋರ್‌ಗಳು ಹದಿನಾಲ್ಕು ಗಂಟೆ ಬಿಡುವಿಲ್ಲದೆ ದುಡಿದವು. ಲೆಕ್ಕ ಸರಳವಾಗಿದೆ: 30 ದಿನಗಳೆಂದರೆ 720 ಗಂಟೆ, ಅದರ ಶೇ. 5 ಎಂದರೆ 36 ಗಂಟೆ. ಆ 36 ಗಂಟೆಗಳಲ್ಲಿ ಏನೇ ನಡೆದರೂ 95ನೆಯ ಪರ್ಸೆಂಟೈಲ್‌ಗೆ ಅದು ಕಾಣುವುದಿಲ್ಲ, ಮತ್ತು ಆ ಮಷೀನ್ ಇರುವುದೇ ಆ ಹದಿನಾಲ್ಕು ಗಂಟೆಗಳಿಗಾಗಿ. ಸಂಬಳ, ವೆಚ್ಚ, ತೆರಿಗೆ ರಿಟರ್ನ್‌ಗಳ ಕೆಲಸ ಮಾಡುವ ಎಲ್ಲ ಮಷೀನ್‌ಗಳ ಶಿಫಾರಸನ್ನೂ ಆಮೇಲೆ ನಾವು ಕೈಯಾರೆ ತಿದ್ದಿದೆವು.

ಡೇಟಾ ಸಾಗಿಸುವ ಲೆಕ್ಕವನ್ನು ಮೊದಲೇ ಮಾಡಿದ್ದು ಒಳ್ಳೆಯದಾಯಿತು. ನಮ್ಮ 100 ಎಂಬಿಪಿಎಸ್ ಲೀಸ್ಡ್ ಲೈನ್‌ನಲ್ಲಿ (ನಮಗೆಂದೇ ಮೀಸಲಾದ ಇಂಟರ್ನೆಟ್ ಸಂಪರ್ಕದಲ್ಲಿ) 60ನ್ನು ಇದಕ್ಕೆಂದು ಬಿಟ್ಟುಕೊಟ್ಟರೆ, 5 ಟಿಬಿಯ ಮೊದಲ ನಕಲಿಗೆ ಸುಮಾರು ಎಂಟು ದಿನ ಬೇಕು. ಅದು ಸಹಿಸಬಹುದಾದ ಕಾಲ. ತೊಂದರೆ ಇದ್ದದ್ದು ಪ್ರತಿ ರಾತ್ರಿಯ ಬದಲಾವಣೆಗಳಲ್ಲಿ: ಮುಖ್ಯ ಡೇಟಾಬೇಸ್ ಸರ್ವರ್ ತನ್ನ 180 ಜಿಬಿಯ ಬ್ಯಾಕಪ್ ಫೈಲನ್ನು ತನ್ನದೇ ಡೇಟಾ ಡಿಸ್ಕಿನ ಮೇಲೆ ಬರೆಯುತ್ತಿತ್ತು, ಆ ಫೈಲನ್ನು ಸಾಗಿಸಲು ಅದೇ ಲೈನ್‌ಗೆ ಆರು ಗಂಟೆ ನಲವತ್ತು ನಿಮಿಷ ಬೇಕಾಗುತ್ತಿತ್ತು, ಮರುದಿನ ರಾತ್ರಿ ಮತ್ತೆ ಹೊಸ ಫೈಲ್ ಬರುತ್ತಿತ್ತು. ಬ್ಯಾಕಪ್‌ಗೆಂದೇ ಬೇರೆ ಡಿಸ್ಕ್ ಕೊಟ್ಟು ಅದನ್ನು ನಕಲಿನಿಂದ ಹೊರಗಿಟ್ಟ ಮೇಲೆ ಲೈನ್ ಉಸಿರಾಡಿತು.

ಮಷೀನ್‌ನೊಳಗಿನ ಸಿದ್ಧತೆಯ ಬಗ್ಗೆ ಕೈಪಿಡಿಗಳಲ್ಲಿ ಬೇಕಾದಷ್ಟಿದೆ, ಎರಡು ವಿಷಯಗಳನ್ನು ಮಾತ್ರ ಹೇಳುತ್ತೇನೆ. ಅಜೂರ್‌ನ ಹಲವು ಬಗೆಯ ವಿಂಡೋಸ್ ಮಷೀನ್‌ಗಳಲ್ಲಿ ತಾತ್ಕಾಲಿಕ ಡಿಸ್ಕ್ ಬಂದು ಡಿ ಡ್ರೈವ್ ಆಗಿ ಕೂರುತ್ತದೆ. ಡಿಸ್ಕುಗಳನ್ನು ವಿಂಡೋಸ್ ಹೇಗೆ ಸೇರಿಸಿಕೊಳ್ಳಬೇಕೆಂದು ಹೇಳುವ ಸ್ಯಾನ್ ಪಾಲಿಸಿಯನ್ನು ಮೊದಲೇ ಸರಿಪಡಿಸದಿದ್ದರೆ ನಿಮ್ಮ ಡಿ ಡ್ರೈವ್ ಇ ಆಗುತ್ತದೆ, ಮತ್ತು ಅದು ತಿಳಿಯದ ಅಪ್ಲಿಕೇಶನ್ ತಾತ್ಕಾಲಿಕ ಡಿಸ್ಕಿನ ಮೇಲೆಯೇ ಕಡತಗಳನ್ನು ಬರೆಯತೊಡಗಿದರೆ ಮಷೀನ್ ನಿಲ್ಲಿಸಿ ಬಿಡುಗಡೆ ಮಾಡಿದ ದಿನ ಅವೆಲ್ಲ ಮಾಯವಾಗುತ್ತವೆ. ಲಿನಕ್ಸ್ ಮಷೀನ್‌ಗಳಲ್ಲಿ ಡಿಸ್ಕುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಡಿಸ್ಕುಗಳನ್ನು ಸಾಧನದ ಹೆಸರಿನಿಂದ ಬರೆದಿದ್ದರೆ ಬದಲಾಗದ ಗುರುತಾದ ಯುಯುಐಡಿಗೆ ಬದಲಾಯಿಸಿ, ಅಜೂರ್‌ಗೆ ಬೇಕಾದ ಹೈಪರ್-ವಿ ಡ್ರೈವರ್‌ಗಳು ಬೂಟ್ ಆಗುವಾಗ ಮೊದಲು ತೆರೆಯುವ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಇವೆಯೇ ಎಂದು ನೋಡಬೇಕು. ನಮ್ಮ ಒಂದು ಹಳೆಯ ಸೆಂಟ್‌ಓಎಸ್ ಮಷೀನ್ ಪ್ರಯೋಗದ ದಿನ ಬೂಟ್ ಆಗದೆ ಸೀರಿಯಲ್ ಕನ್ಸೋಲ್‌ನಲ್ಲಿ ತನ್ನ ಡಿಸ್ಕನ್ನೇ ಹುಡುಕುತ್ತಾ ನಿಂತಿತ್ತು.

ಅಪ್ಲಿಕೇಶನ್ ಮತ್ತು ಅದರ ಡೇಟಾಬೇಸನ್ನು ಬೇರೆ ಬೇರೆ ವಾರಗಳಲ್ಲಿ ಸಾಗಿಸುವ ಯೋಜನೆಯನ್ನು ಸಹ ಕೈಬಿಟ್ಟೆವು. ನಮ್ಮ ದಾಸ್ತಾನು ತಂತ್ರಾಂಶ ಒಂದು ಪರದೆ ತೆರೆಯಲು ಡೇಟಾಬೇಸನ್ನು 800 ಸಲ ಕೇಳುತ್ತದೆ. ಒಂದೇ ಕೋಣೆಯಲ್ಲಿರುವಾಗ ಇದು ಗೊತ್ತೇ ಆಗುವುದಿಲ್ಲ, ಒಂದು ಪುಣೆಯಲ್ಲಿ ಇನ್ನೊಂದು ಇಲ್ಲೇ ಇದ್ದು ಪ್ರತಿ ಸಲ 20 ಮಿಲಿಸೆಕೆಂಡು ಹಿಡಿದರೆ ಉಗ್ರಾಣದವರು 16 ಸೆಕೆಂಡು ಪರದೆ ನೋಡುತ್ತಾ ಕೂರಬೇಕಾಗುತ್ತದೆ.

ಒಡೆಯರಿಲ್ಲದ ಉಳಿದ ಆರು ಮಷೀನ್‌ಗಳ ಬಗ್ಗೆ ಎರಡು ವಾರ ಯಾರೂ ಕೇಳಲಿಲ್ಲ. ಅವುಗಳನ್ನು ಅಳಿಸುವ ಮುನ್ನ ಲಾಗ್‌ಗಳನ್ನು ಹೊರತೆಗೆದಿಟ್ಟೆವು, ಏಕೆಂದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನೀಡಿದ ನಿರ್ದೇಶನದ ಪ್ರಕಾರ 180 ದಿನಗಳ ಲಾಗ್‌ಗಳು ಇರಲೇಬೇಕು. ವೇಬ್ರಿಡ್ಜ್‌ನದೂ ಸೇರಿದಂತೆ ನಾಲ್ಕು ಮಷೀನ್‌ಗಳು ಕಾರ್ಖಾನೆಯಲ್ಲೇ ಉಳಿಯಲಿ ಎಂದು ತೀರ್ಮಾನಿಸಿದೆವು. ಇಂಟರ್ನೆಟ್ ಹೋದ ಮಾತ್ರಕ್ಕೆ ಲಾರಿಗಳು ರಸ್ತೆಯವರೆಗೆ ಸಾಲುಗಟ್ಟುವುದು ನಮಗೆ ಬೇಕಿರಲಿಲ್ಲ. ಐಎನ್ಐ ಫೈಲಿನಲ್ಲಿದ್ದ ಅಂಕಿಗಳನ್ನು ತೆಗೆದು, ಐಪಿ ವಿಳಾಸ ಬದಲಾದರೂ ಸರ್ವರನ್ನು ಹುಡುಕಿಕೊಡುವ ಡಿಎನ್‌ಎಸ್ ಹೆಸರು ಹಾಕಿದಾಗ ಆಪರೇಟರ್ ನನ್ನ ಪಕ್ಕದಲ್ಲೇ ನಿಂತಿದ್ದರು. ಮುಂದಿನ ಲಾರಿಯ ತೂಕ ಪರದೆಯ ಮೇಲೆ ಸೇವ್ ಆಯಿತು. ಅವರು ಅದನ್ನು ರಿಜಿಸ್ಟರಿನಲ್ಲಿಯೂ ಬರೆದುಕೊಂಡರು.