‘ದೊಡ್ಡ ಇಂಜಿನ್ ಹಾಕಿದ್ರೆ ಆಯ್ತಲ್ವಾ?’ ಅಂತ ಕೇಳುವವರಿಗೆ

ಆಗಲ್ಲ. ಇಷ್ಟೇ ನನ್ನ ಉತ್ತರ. ಆದರೂ ಕೇಳುತ್ತಲೇ ಇರುತ್ತೀರಿ, ಅದಕ್ಕೆ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಶನಿವಾರ, ಭಾನುವಾರ ಬಂದರೆ ಮೂವರು ಗೆಳೆಯರ ಜೊತೆ ಒಂದು ಪುಟ್ಟ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಎಂಡ್ಯೂರೆನ್ಸ್ ರೇಸಿಗೆ ತಯಾರು ಮಾಡುತ್ತೇನೆ. ಅಂದರೆ ಗಂಟೆಗಟ್ಟಲೆ, ಕೆಲವು ಸಲ ರಾತ್ರಿಯಿಡೀ ನಡೆಯುವ ರೇಸು. ಹೋದ ಗಣೇಶನ ಹಬ್ಬದಲ್ಲಿ ಊಟಕ್ಕೆ ಕೂತಾಗ ಪಕ್ಕದ ಹಿರಿಯರೊಬ್ಬರು ಕೋಸಂಬರಿ ಹಾಕಿಸಿಕೊಳ್ಳುತ್ತಾ, "ಅದೇನ್ರೀ ಅಷ್ಟು ಕಷ್ಟ? ಸುಮ್ನೆ ಒಂದು ದೊಡ್ಡ ಇಂಜಿನ್ ಹಾಕಿ ಟ್ಯಾಂಕ್ ತುಂಬಿಸಿದ್ರೆ ಆಯ್ತಲ್ವಾ?" ಅಂದರು. ಪ್ರಶ್ನೆ ಕೇಳಿದ್ದಕ್ಕೆ ನನಗೆ ಬೇಜಾರಿಲ್ಲ. ಆ ‘ಸುಮ್ನೆ’ ಅನ್ನೋ ಮಾತಿಗೆ ಬೇಜಾರು.

ದೊಡ್ಡ ಇಂಜಿನ್ ಹಾಕಿದರೆ ಏನಾಗುತ್ತದೆ ಗೊತ್ತಾ? ಮೂತಿ ಭಾರವಾಗುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಅದಕ್ಕೆ ದೊಡ್ಡ ಟ್ಯಾಂಕ್ ಬೇಕು, ಅದು ಇನ್ನಷ್ಟು ಭಾರ. ಆ ಭಾರ ನಿಲ್ಲಿಸಲು ದೊಡ್ಡ ಬ್ರೇಕ್ ಬೇಕು, ಟೈರ್ ಬೇಗ ಸವೆಯುತ್ತದೆ, ಹಳೇ ಗೇರ್‌ಬಾಕ್ಸ್ ತಡೆಯುವುದಿಲ್ಲ. ಕೊನೆಗೆ ಟೈರಿಗೂ ಪೆಟ್ರೋಲಿಗೂ ಪದೇ ಪದೇ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ, ಬಂದು ನಿಲ್ಲಬೇಕು. ಹಗುರ ಕಾರು ಅಷ್ಟು ಹೊತ್ತೂ ಓಡುತ್ತಲೇ ಇರುತ್ತದೆ. ಲೋಟಸ್ ಎಲೀಟ್ ಅನ್ನೋ ಪುಟ್ಟ ಬ್ರಿಟಿಷ್ ಕಾರು ಫ್ರಾನ್ಸಿನ ಲೆ ಮಾನ್‌ನ 24 ಗಂಟೆ ರೇಸಿನಲ್ಲಿ ತನ್ನ ಇಂಜಿನ್ ಗಾತ್ರದ ವರ್ಗವನ್ನು ಆರು ಸಲ ಗೆದ್ದದ್ದು ಬರೀ 1216 ಸಿಸಿ ಇಂಜಿನ್ ಇಟ್ಟುಕೊಂಡು. 1959ರಲ್ಲಂತೂ ಒಟ್ಟಾರೆ ಎಂಟನೇ ಸ್ಥಾನ. ಆ ಇಂಜಿನ್ನಿನ ಮೂಲ ನಾನಿರುವ ಈ ಊರೇ. ಕವೆಂಟ್ರಿ ಕ್ಲೈಮ್ಯಾಕ್ಸ್ ಅನ್ನೋ ಇಂಜಿನ್ ಕಂಪನಿಯವರು ಬೆಂಕಿ ಆರಿಸುವ ಪಂಪಿಗೆ ಅಂತ ಒಂದು ಇಂಜಿನ್ ಮಾಡಿದ್ದರು. ಜನ ಕೈಯಲ್ಲಿ ಎತ್ತಿಕೊಂಡು ಹೋಗಬೇಕಾದ ಪಂಪು, ಹಾಗಾಗಿ ಹಗುರ ಇರಲೇಬೇಕಿತ್ತು. ಎಲೀಟ್‌ನ ಇಂಜಿನ್ ಆ ವಂಶದ್ದು. ನನಗೆ ಈ ಕಥೆ ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ.

ಹಾಗಂತ ಹಗುರ ಇದ್ದರೆ ಗೆದ್ದ ಹಾಗೆ ಅಂತ ನಾನು ಹೇಳುತ್ತಿಲ್ಲ. 1962ರ ಮೇ ತಿಂಗಳು, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನ 1000 ಕಿಲೋಮೀಟರ್ ರೇಸು. ಒದ್ದೆ ರಸ್ತೆ. ಸ್ಕಾಟ್ಲೆಂಡಿನ ರೇಸರ್ ಜಿಮ್ ಕ್ಲಾರ್ಕ್ ಒಂದೂವರೆ ಲೀಟರ್ ಇಂಜಿನ್ನಿನ ಪುಟ್ಟ ಲೋಟಸ್ 23 ತಗೊಂಡು ಮೂರು ಲೀಟರ್, ನಾಲ್ಕು ಲೀಟರ್ ಕಾರುಗಳನ್ನೆಲ್ಲ ಹಿಂದೆ ಹಾಕಿ, ಮೊದಲ ಸುತ್ತಿಗೇ 27 ಸೆಕೆಂಡ್ ಮುಂದೆ ಬಂದ. ಆಮೇಲೆ? ಇಂಜಿನ್ನಿನ ಹೊಗೆ ಹೊರಗೆ ಸಾಗಿಸುವ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಒಡೆಯಿತು. ಹೊಗೆ ಒಳಗೆ ತುಂಬಿ ಅವನಿಗೆ ಮಂಪರು ಬಂತು. ಗೇರ್ ಬೇರೆ ತಾನಾಗಿ ಹಾರುತ್ತಿತ್ತು. 12ನೇ ಸುತ್ತಿನಲ್ಲಿ ರಸ್ತೆ ಬಿಟ್ಟು ಹೋದ. ಇಂಜಿನ್ ಸಾಲದೆ ಸೋತದ್ದಲ್ಲ ಅದು.

ಇದನ್ನು ಓದಿ ತಿಳಿದಿದ್ದೆ. ಅನುಭವಿಸಿದ್ದು ಸ್ನೆಟರ್ಟನ್ ಟ್ರ್ಯಾಕಿನಲ್ಲಿ ಟೆಸ್ಟಿಂಗ್ ಮಾಡುವಾಗ. ಮೂರು ಗಂಟೆ ಚೆನ್ನಾಗಿ ಓಡಿದ ಕಾರು ಒಳಗೆ ಬಂತು, ಡ್ರೈವ್ ಮಾಡುತ್ತಿದ್ದ ಗೆಳೆಯ ಹೆಲ್ಮೆಟ್ ತೆಗೆದು ಗೋಡೆಗೆ ಒರಗಿಕೊಂಡು ಕೂತ. ತಲೆ ಸಿಡಿಯುತ್ತಿದೆ ಅಂದ. ಕೆಳಗೆ ಬಗ್ಗಿ ನೋಡಿದರೆ ಸೈಲೆನ್ಸರ್ ಪೈಪು ಜೋತು ಬಿದ್ದು ಜಾಯಿಂಟ್ ಬಾಯಿ ಬಿಟ್ಟಿತ್ತು. ಪೈಪನ್ನು ಹಿಡಿದಿದ್ದ ಅಲ್ಯೂಮಿನಿಯಂ ಬ್ರಾಕೆಟ್ ಎರಡು ತುಂಡು. ಹೊರಗೆ ತೆಗೆದು ಬಟ್ಟೆಯಿಂದ ಒರೆಸಿದೆ. ಬೋಲ್ಟ್ ತೂತಿನ ಅಂಚಿನಿಂದ ಬಿರುಕು ಶುರುವಾಗಿತ್ತು. ಅಲ್ಲಿ ಲೋಹ ಉಜ್ಜಿ ಉಜ್ಜಿ ಕನ್ನಡಿ ಥರ ಹೊಳೆಯುತ್ತಿತ್ತು, ಕೊನೆಗೆ ಪಟ್ ಅಂತ ಮುರಿದ ಭಾಗ ಮಾತ್ರ ಸಕ್ಕರೆ ಹರಳಿನ ಹಾಗೆ ಒರಟು. ಅಂದರೆ ಅದು ಒಂದೇ ಏಟಿಗೆ ಮುರಿದದ್ದಲ್ಲ, ಮೂರು ಗಂಟೆಯ ನಡುಕ ಅದನ್ನು ನಿಧಾನವಾಗಿ ತಿಂದಿತ್ತು. ಇಪ್ಪತ್ತು ನಿಮಿಷದ ರೇಸಿನಲ್ಲಿ ಅದು ಯಾವತ್ತೂ ಮುರಿಯುತ್ತಿರಲಿಲ್ಲ.

ಅದಕ್ಕೇ ಹೇಳೋದು, ನೀವು ಕೇಳಬೇಕಾದ ಪ್ರಶ್ನೆ ಇಂಜಿನ್ನಿನದಲ್ಲ. "ಎಲ್ಲೆಲ್ಲಿ ತೂಕ ಸೇರಿಸಿದಿರಿ?" ಅಂತ ಕೇಳಿ. ಕೂತು ಎರಡು ಗಂಟೆ ಮಾತಾಡುತ್ತೇನೆ. ಆ ಬ್ರಾಕೆಟ್ ಈಗ ಉಕ್ಕಿನದು, ನಡುವೆ ನಡುಕ ಹೀರುವ ರಬ್ಬರ್ ಬುಷ್. ಆಯಿಲ್ ಕೂಲರ್ ಬಂತು, ದಪ್ಪ ಬ್ರೇಕ್ ಪ್ಯಾಡ್ ಬಂತು, ರಾತ್ರಿಗೆ ನಾಲ್ಕು ಲೈಟು ಬಂತು. ಒಂದೊಂದು ಸಲ ಹಾಕುವಾಗಲೂ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಗ್ರಾಂ ಗ್ರಾಂ ಲೆಕ್ಕ ಹಾಕಿ ಇಳಿಸಿದವರು ನಾವೇ. ಕಷ್ಟ ಇರುವುದು ಇಲ್ಲೇ, ಯಾವ ಗ್ರಾಂ ಬೇಕು, ಯಾವುದು ಬೇಡ ಅಂತ ಆರಿಸುವುದರಲ್ಲಿ.

ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್ಮನ್‌ನಂಥವನೇ ಇದರಲ್ಲಿ ಸಿಕ್ಕಿಬಿದ್ದ. ಅದೇ 1962ರ ಲೆ ಮಾನ್‌ಗೆ ಲೋಟಸ್ 23 ಬಂದಾಗ ಮುಂದಿನ ಚಕ್ರಕ್ಕೆ ನಾಲ್ಕು ಬೋಲ್ಟು, ಹಿಂದಿನದಕ್ಕೆ ಆರು. ಒಂದೇ ಸ್ಟೆಪ್ನಿ ಎರಡೂ ಕಡೆ ಕೂರುವುದಿಲ್ಲ ಅಂತ ತಪಾಸಣೆಯವರು ತಡೆದರು. ಇಂಗ್ಲೆಂಡಿನಿಂದ ಸಾಮಾನು ತರಿಸಿ ಹಿಂದೆಯೂ ನಾಲ್ಕೇ ಮಾಡಿದರು. ಆರು ಬೇಕಿದ್ದ ಕಡೆ ನಾಲ್ಕು ಹೇಗೆ ಸಾಕಾಗುತ್ತದೆ ಅಂತ ಮತ್ತೆ ತಡೆದರು. ಚಾಪ್ಮನ್ ಇನ್ನು ಇತ್ತ ಬರಲ್ಲ ಅಂತ ಹೊರಟುಹೋದ, 1982ರಲ್ಲಿ ಸಾಯುವವರೆಗೂ ತನ್ನ ಟೀಮನ್ನು ಅಲ್ಲಿಗೆ ತರಲಿಲ್ಲ. ಎರಡನೇ ಸಲ ತಡೆದದ್ದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಆದರೆ ಮೊದಲ ಸಲದ ಪ್ರಶ್ನೆ ಸರಿಯಾಗಿತ್ತು. ನಡುರಾತ್ರಿ ಟೈರ್ ಪಂಕ್ಚರ್ ಆದರೆ ಕೈಗೆ ಸಿಕ್ಕ ಸ್ಟೆಪ್ನಿ ಕೂರಬೇಕು, ಅಲ್ವಾ?

ಮುರಿದ ಬ್ರಾಕೆಟ್ ನನ್ನ ಹತ್ತಿರವೇ ಇದೆ. ಈ ಸಲ ಹಬ್ಬಕ್ಕೆ ಜೇಬಿನಲ್ಲಿ ಹಾಕಿಕೊಂಡು ಹೋಗುತ್ತೇನೆ. ಆ ಹಿರಿಯರು ಸಿಕ್ಕರೆ ಕೈಗೆ ಕೊಟ್ಟು, ಆ ಬೋಲ್ಟ್ ತೂತಿನ ಅಂಚು ಸ್ವಲ್ಪ ನೋಡಿ ಸಾರ್ ಅನ್ನುತ್ತೇನೆ.