ಬೆಮ್ ಪ್ರಶ್ನಾವಳಿ ಮತ್ತು ಮಂಡ್ಯದ ಹೆಂಗಸರು

ಮಾನಸಗಂಗೋತ್ರಿಯಲ್ಲಿ ಮನೋವಿಜ್ಞಾನ ಓದುತ್ತಿರುವ ಅಕ್ಕನ ಮಗಳು, ಮಂಡ್ಯದ ಹಳ್ಳಿಗಳಲ್ಲಿ ಲಿಂಗಪಾತ್ರಗಳನ್ನು (ಗಂಡು ಹೀಗಿರಬೇಕು, ಹೆಣ್ಣು ಹೀಗಿರಬೇಕು ಎಂಬ ಸಮಾಜದ ನಿರೀಕ್ಷೆಗಳನ್ನು) ಅಧ್ಯಯನ ಮಾಡಲೆಂದು ಅಮೆರಿಕದ ಮನೋವಿಜ್ಞಾನಿ ಸಾಂಡ್ರಾ ಬೆಮ್ ಅವರ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದಾಳೆ. 1974ರಲ್ಲಿ ಪ್ರಕಟವಾದ ಇದರಲ್ಲಿ 60 ಗುಣಗಳಿವೆ. 20 ಗಂಡಿಗೆ, 20 ಹೆಣ್ಣಿಗೆ ಒಪ್ಪುವಂಥವು, ಉಳಿದವು ಇಬ್ಬರಿಗೂ ಸಲ್ಲುವಂಥವು. ಒಂದೊಂದು ಗುಣವೂ ತನಗೆ ಎಷ್ಟು ಹೊಂದುತ್ತದೆಂದು ಉತ್ತರಿಸುವವರೇ ಅಂಕ ಕೊಟ್ಟುಕೊಳ್ಳಬೇಕು. ಯಾವುದು ಯಾರಿಗೆ ಒಪ್ಪುತ್ತದೆಂದು ಹೇಳಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಂದಿನ ವಿದ್ಯಾರ್ಥಿಗಳು. ಹೆಣ್ಣಿನ ಪಟ್ಟಿಯಲ್ಲಿ ಮೆಲುದನಿ, ಒರಟು ಮಾತಾಡದಿರುವುದು ಸೇರಿವೆ. ಗಂಡಿನ ಪಟ್ಟಿಯಲ್ಲಿ ಸ್ವಾವಲಂಬನೆ, ಸಲೀಸಾಗಿ ನಿರ್ಧಾರ ಕೈಗೊಳ್ಳುವುದು. ನಾಟಿಗೆ ಆಳು ಹೊಂದಿಸಿ, ಡೇರಿಗೆ ಹಾಲು ಹಾಕಿ, ಬಟವಾಡೆಯ ಲೆಕ್ಕವನ್ನು ಬಾಯಲ್ಲೇ ಒಪ್ಪಿಸುವ ಮಂಡ್ಯದ ಹೆಂಗಸು ಈ ಪ್ರಕಾರ ಅರ್ಧ ಗಂಡಸಾಗಿಬಿಡುತ್ತಾಳೆ. (ಮೆಲುದನಿಯಲ್ಲಂತೂ ನಮ್ಮ ಜಿಲ್ಲೆಯ ಗಂಡಸರೂ ಹೆಂಗಸರೂ ಒಟ್ಟಿಗೇ ನಪಾಸು.)

ಹಾಗೆಂದು ಬೆಮ್ ಅವರನ್ನು ಹಳಿಯುವುದು ಅನ್ಯಾಯ. 1936ರಲ್ಲಿ ಮನೋವಿಜ್ಞಾನಿಗಳಾದ ಟರ್ಮನ್ ಮತ್ತು ಮೈಲ್ಸ್ ರೂಪಿಸಿದ ಪರೀಕ್ಷೆಯಲ್ಲಿ ಗಂಡುತನ, ಹೆಣ್ಣುತನಗಳು ಒಂದೇ ಗೆರೆಯ ಎರಡು ತುದಿಗಳಾಗಿದ್ದವು. ಒಂದು ಹೆಚ್ಚಿದರೆ ಇನ್ನೊಂದು ಕುಗ್ಗಲೇಬೇಕಿತ್ತು. ಅವೆರಡನ್ನೂ ಬೇರೆಬೇರೆಯಾಗಿ ಅಳೆದ ಬೆಮ್, ಒಬ್ಬರಲ್ಲೇ ಎರಡೂ ಧಾರಾಳವಾಗಿರಬಹುದೆಂದರು. ಈ ಆಲೋಚನೆ ಪ್ರಯೋಗಾಲಯದಲ್ಲಿ ತಾನಾಗಿ ಹುಟ್ಟಿದ್ದಲ್ಲ. ಬೆಮ್ ಸ್ವತಃ ಸ್ತ್ರೀವಾದಿ, ಆ ಕಾಲದ ಮಹಿಳಾ ಚಳವಳಿ ಎತ್ತಿದ ಪ್ರಶ್ನೆಗಳೇ ಅದಕ್ಕೆ ನೆಲೆ. ಅದಕ್ಕೂ ಬಹಳ ಹಿಂದೆ, ಮದುವೆಯಾದ ಕಾರಣಕ್ಕೆ ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳುವ ಅವಕಾಶ ಸಿಗದ ಮನೋವಿಜ್ಞಾನಿ ಲೀಟಾ ಹಾಲಿಂಗ್‌ವರ್ತ್, ಮುಟ್ಟಿನ ದಿನಗಳಲ್ಲಿ ಹೆಣ್ಣಿನ ಬುದ್ಧಿ ಮಂಕಾಗುತ್ತದೆಂಬ ನಂಬಿಕೆಯನ್ನು ಪರೀಕ್ಷೆಗೊಡ್ಡಿ, ಅಂಥ ಕುಸಿತವೇನೂ ಕಾಣಲಿಲ್ಲವೆಂದು 1914ರಲ್ಲಿ ವರದಿ ಮಾಡಿದ್ದರು. ಆ ನಂಬಿಕೆಯಿಂದ ನಷ್ಟವಾಗದವರಿಗೆ ಅದನ್ನು ಪರೀಕ್ಷಿಸಬೇಕೆಂದೇ ತೋರಿರಲಿಲ್ಲ.

ಪ್ರಶ್ನೆಗಳಂತೆ ಉತ್ತರಗಳೂ ಬದಲಾದವು. ಎರಡು ದಶಕಗಳ ಅಧ್ಯಯನಗಳನ್ನು ಮನೋವಿಜ್ಞಾನಿ ಜೀನ್ ಟ್ವೆಂಗಿ 1997ರಲ್ಲಿ ಒಟ್ಟುಗೂಡಿಸಿದಾಗ, ಬೆಮ್ ಪಟ್ಟಿಯ ಗಂಡುಗುಣಗಳಲ್ಲಿ ಅಮೆರಿಕದ ಕಾಲೇಜು ಹುಡುಗಿಯರ ಅಂಕ ಏರುತ್ತಲೇ ಬಂದಿರುವುದು ಕಂಡಿತು. ಆದರೆ ಬದಲಾವಣೆ ಒಂದೇ ದಿಕ್ಕಿನದೆಂದು ನಂಬುವವರು, ಮನೋವಿಜ್ಞಾನಿ ಆಲಿಸ್ ಈಗ್ಲಿ ಮತ್ತು ಸಂಗಡಿಗರು 1946ರಿಂದ 2018ರವರೆಗಿನ ಅಮೆರಿಕದ ಜನಾಭಿಪ್ರಾಯ ಸಮೀಕ್ಷೆಗಳನ್ನು ಪರಿಶೀಲಿಸಿ ಕಂಡುಕೊಂಡದ್ದನ್ನು ಗಮನಿಸಬೇಕು. ಸಾಮರ್ಥ್ಯದಲ್ಲಿ ಇಬ್ಬರೂ ಸಮಾನರೆನ್ನುವವರು ಹೆಚ್ಚಿದ್ದಾರೆ. ಅದರ ಜೊತೆಗೇ, ಮಮತೆ, ಅನುಕಂಪಗಳು ಹೆಣ್ಣಿಗೇ ಸೇರಿದ್ದೆಂಬ ಭಾವನೆ ಮೊದಲಿಗಿಂತ ಬಲವಾಗಿದೆ. ದುಡಿಯಲು ಹೊರಟ ಹೆಂಗಸರು ಜನರನ್ನು ನೋಡಿಕೊಳ್ಳುವ, ಕಲಿಸುವ ಕೆಲಸಗಳಲ್ಲೇ ಹೆಚ್ಚಾಗಿ ಸೇರಿಕೊಂಡಿರುವುದು ಇದಕ್ಕೆ ಕಾರಣವಿರಬಹುದೆಂಬುದು ಅವರ ವಿವರಣೆ. ಮೈಸೂರಿನ ಆಸ್ಪತ್ರೆಗಳ ನರ್ಸುಗಳನ್ನೂ ಪ್ರಾಥಮಿಕ ಶಾಲೆಗಳ ಮೇಡಂಗಳನ್ನೂ ನೋಡಿದರೆ, ಈ ವಿವರಣೆಯನ್ನು ಇಲ್ಲಿಯೂ ಪರೀಕ್ಷಿಸಬಹುದೆಂದು ನನಗನ್ನಿಸುತ್ತದೆ; ಯಾವ ಕೆಲಸವೆಂದು ಕೇಳದೆ, ಹೆಂಗಸು ದುಡಿಯುತ್ತಾಳೆಯೇ ಎಂದಷ್ಟೇ ಕೇಳುವ ಪ್ರಶ್ನಾವಳಿಗೆ ಮಾತ್ರ ಅದು ಸಿಕ್ಕುವುದಿಲ್ಲ.